ಕಿಟಕಿ ಕೆಳಗೆ ರೆಕ್ಕೆಗಳ ರಾಶಿ: ಗೆದ್ದಲು ಮನೆಯೊಳಗೆ ಬಂದಿದೆ ಅಂತ ಗೊತ್ತಾಗೋದು ಹೇಗೆ?

ಮೈಸೂರುಮಲ್ಲಿಗೆ_ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ ನೆಲಮಹಡಿಯ ಮನೆ. ಕಟ್ಟಿ ಹತ್ತು ಹನ್ನೆರಡು ವರ್ಷ ಆಗಿದೆ. ಹೋದ ವಾರ ಜೋರು ಮಳೆ ಬಂತಲ್ಲ, ಮಾರನೇ ದಿನ ಬೆಳಗ್ಗೆ ನೋಡಿದರೆ ಹಾಲ್ ಕಿಟಕಿಯ ಕೆಳಗೆ ರೆಕ್ಕೆಗಳ ರಾಶಿ ಬಿದ್ದಿತ್ತು. ಹುಳ ಒಂದೂ ಇಲ್ಲ, ಬರೀ ರೆಕ್ಕೆ. ನಮ್ಮತ್ತೆ "ಮಳೆಹುಳ ಕಣೇ, ದೀಪಕ್ಕೆ ಬಂದಿದ್ದಾವೆ, ಗುಡಿಸಿ ಹಾಕು" ಅಂದರು. ನಮ್ಮ ಮನೆಯವರು ಮಾತ್ರ ಇದು ಗೆದ್ದಲೇ ಅಂತ ಅಂಗಡಿಯಿಂದ ಸ್ಪ್ರೇ ತಂದಿಟ್ಟಿದ್ದಾರೆ.

ಆಮೇಲೆ ಅನುಮಾನ ಬಂದು ಮನೆಯೆಲ್ಲಾ ನೋಡಿದೆ. ಬಾತ್‌ರೂಮ್ ಬಾಗಿಲ ಚೌಕಟ್ಟಿನ ಬುಡದಲ್ಲಿ ಪೇಂಟ್ ಉಬ್ಬಿದೆ. ಆದರೆ ಅಲ್ಲಿ ದಿನಾ ನೀರು ಸಿಡಿಯುತ್ತದೆ, ಬರೀ ತೇವ ಇರಬಹುದು ಅಲ್ವಾ? ಪಕ್ಕದ ಗೋಡೆಗೆ ಅಂಟಿಕೊಂಡೇ ಪ್ಲೈವುಡ್ ವಾರ್ಡ್‌ರೋಬ್ ಇದೆ, ನನಗೆ ಅದರದ್ದೇ ಚಿಂತೆ. ಕಂಪನಿಯವರನ್ನು ಕರೆದರೆ ನೋಡುವ ಮೊದಲೇ "ಮನೆ ಪೂರ್ತಿ ಔಷಧಿ ಹಾಕಬೇಕು" ಅನ್ನುತ್ತಾರೆ. ಅದಕ್ಕೂ ಮುಂಚೆ ನಾವೇ ನೋಡಿ ತಿಳಿದುಕೊಳ್ಳಬಹುದಾ?

ಅಡಿಕೆತೋಟ

ನಿಮ್ಮತ್ತೆ ಹೇಳಿದ್ದೂ ಸರಿ, ಮನೆಯವರು ಹೇಳಿದ್ದೂ ಸರಿ. ಮಳೆಹುಳ ಅಂದರೆ ಗೆದ್ದಲಿನ ರೆಕ್ಕೆ ಬಂದ ಗಂಡು ಹೆಣ್ಣುಗಳೇ. ಮೊದಲ ಮಳೆಗಳು ಬಿದ್ದ ಮೇಲೆ ಹುತ್ತದಿಂದ ಗುಂಪು ಗುಂಪಾಗಿ ಹೊರಡುತ್ತವೆ, ಸ್ವಲ್ಪ ಹೊತ್ತು ಹಾರುತ್ತವೆ, ರೆಕ್ಕೆ ಉದುರಿಸುತ್ತವೆ, ಜೋಡಿಯಾಗಿ ಮಣ್ಣು ಹುಡುಕಿಕೊಂಡು ಹೋಗುತ್ತವೆ. ಅದರಲ್ಲಿ ಬದುಕಿ ಹೊಸ ಗೂಡು ಕಟ್ಟುವುದು ಬಹಳ ಕಮ್ಮಿ. ಉಳಿದದ್ದೆಲ್ಲ ಹಲ್ಲಿ, ಕಪ್ಪೆ, ಕೋಳಿಗೆ ಹಬ್ಬ. ಕೆಲವು ಕಡೆ ಮನುಷ್ಯರಿಗೂ, ಹುರಿದು ತಿನ್ನುವವರಿದ್ದಾರೆ.

ಹಾಗಾಗಿ ರೆಕ್ಕೆ ಬಿದ್ದಿದ್ದಕ್ಕೆ ಮನೆ ಹಾಳಾಯಿತು ಅಂತಲ್ಲ. ಅವು ಎಲ್ಲಿಂದ ಬಂದವು ಅನ್ನುವುದು ಮುಖ್ಯ. ರಾತ್ರಿ ಕಿಟಕಿ ತೆಗೆದು ಲೈಟ್ ಹಾಕಿದ್ದರೆ ಹೊರಗಿನಿಂದ ಬಂದಿರುತ್ತವೆ. ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದೂ ಒಳಗೆ ರಾಶಿ ಬಿದ್ದಿದ್ದರೆ, ಅಥವಾ ನೆಲದ ಸಂದಿನಿಂದಲೋ ಚೌಕಟ್ಟಿನ ಬಿರುಕಿನಿಂದಲೋ ಹೊರಗೆ ಬರುವುದನ್ನು ಕಣ್ಣಾರೆ ನೋಡಿದರೆ, ಗೂಡು ಮನೆಯಡಿಯೇ ಇದೆ ಅಂತ ತಿಳಿಯಿರಿ. ನಿಮ್ಮ ಕಿಟಕಿ ಅವತ್ತು ತೆಗೆದಿತ್ತಾ?

ರೆಕ್ಕೆಯ ಇರುವೆಗಳೂ ಇದೇ ಕಾಲದಲ್ಲಿ ಬರುತ್ತವೆ, ಗೊಂದಲ ಮಾಡಿಕೊಳ್ಳಬೇಡಿ. ಇರುವೆಯ ಸೊಂಟ ಸಣ್ಣ, ಮೀಸೆ ಮೊಣಕೈ ಥರ ಬಾಗಿರುತ್ತದೆ, ಮುಂದಿನ ರೆಕ್ಕೆ ದೊಡ್ಡದು ಹಿಂದಿನದು ಚಿಕ್ಕದು. ಗೆದ್ದಲಿಗೆ ಸೊಂಟವೇ ಇಲ್ಲ, ಮೀಸೆ ನೆಟ್ಟಗೆ, ನಾಲ್ಕೂ ರೆಕ್ಕೆ ಒಂದೇ ಉದ್ದ. ಅಂಗಳದಲ್ಲಿ ಹುತ್ತ ಇದೆಯಾ ನೋಡಿ. ಹುತ್ತ ಕಾಣದಿದ್ದರೂ ಮಳೆ ಬಿದ್ದಾಗ ಪ್ರತಿವರ್ಷ ಒಂದೇ ಜಾಗದಲ್ಲಿ, ನೆಲದ ಆಳದಿಂದ ಉದ್ದ ಬೇರು ಬಿಟ್ಟುಕೊಂಡು ಅಣಬೆ ಏಳುತ್ತಿದ್ದರೆ ಅದರ ಕೆಳಗೆ ಗೆದ್ದಲಿನ ಗೂಡು ಇರುತ್ತದೆ. ಆ ಅಣಬೆಯನ್ನು ಅವೇ ಬೆಳೆಸುವುದು.

ಉಳಿ_ಸುತ್ತಿಗೆ

ನಾನು ಮರಗೆಲಸದವನು, ರಿಪೇರಿಗೆ ಅಂತ ಹೋದಾಗ ಗೆದ್ದಲು ತಿಂದ ಚೌಕಟ್ಟು ನೋಡುತ್ತಲೇ ಇರುತ್ತೇನೆ. ಎಲ್ಲರೂ ಮರವನ್ನೇ ನೋಡುತ್ತಾರೆ ಮೇಡಂ. ಮರದಲ್ಲಿ ಕಾಣುವಷ್ಟರಲ್ಲಿ ತಡ ಆಗಿರುತ್ತದೆ. ಮೊದಲು ಗೋಡೆ ನೋಡಿ. ನಮ್ಮ ಕಡೆ ಮನೆ ಹಾಳು ಮಾಡುವ ಗೆದ್ದಲು ಹೆಚ್ಚಿನದು ಮಣ್ಣಿನಿಂದಲೇ ಬರುವುದು. ಅದಕ್ಕೆ ಒಣ ಗಾಳಿ, ಬೆಳಕು ಆಗುವುದಿಲ್ಲ. ಹಾಗಾಗಿ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ. ಒಂದು ಪೆನ್ಸಿಲ್ ದಪ್ಪ ಇರುತ್ತದೆ, ಕೆಲವೊಮ್ಮೆ ಅದಕ್ಕಿಂತ ಸಣ್ಣದು. ಸ್ಕರ್ಟಿಂಗ್ ಟೈಲ್ಸ್ ಮೇಲಿನ ಸಂದು, ಸಿಂಕ್ ಕೆಳಗೆ ಪೈಪ್ ಗೋಡೆಯೊಳಗೆ ಹೋಗುವ ತೂತು, ಮೆಟ್ಟಿಲ ಕೆಳಗೆ, ಸ್ವಿಚ್ ಬೋರ್ಡ್ ಸುತ್ತ, ಗೋಡೆಗೆ ಒರಗಿಸಿಟ್ಟ ರಟ್ಟಿನ ಡಬ್ಬದ ಹಿಂದೆ, ಇಷ್ಟು ಕಡೆ ಟಾರ್ಚ್ ಹಿಡಿದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಹೊರಗಡೆ ಪಾಯದ ಸುತ್ತಲೂ ಒಂದು ಸುತ್ತು ಬನ್ನಿ. ಹೂವಿನ ಕುಂಡ ಗೋಡೆಗೆ ತಾಗಿಸಿಟ್ಟಿದ್ದರೆ ಸರಿಸಿ ನೋಡಿ.

ಇನ್ನು ಉಬ್ಬಿದ ಪೇಂಟು. ಬರೀ ತೇವ ಆದರೆ ಒತ್ತಿದಾಗ ಒಳಗಿನ ಮರ ಗಟ್ಟಿ ಇರುತ್ತದೆ, ಇಲ್ಲವೇ ನೆಂದು ಮೆತ್ತಗಾಗಿರುತ್ತದೆ, ಮಣ್ಣು ಇರುವುದಿಲ್ಲ. ಗೆದ್ದಲಾದರೆ ಪೇಂಟ್ ಪದರ ಮಾತ್ರ ನಿಂತಿರುತ್ತದೆ, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗಿ, ಪೊಳ್ಳಾದ ಕಡೆ ಸದ್ದು ಬದಲಾಗುವುದು ಯಾರಿಗಾದರೂ ಗೊತ್ತಾಗುತ್ತದೆ. ಅಲ್ಲಿ ತುದಿಯಿಂದ ಚುಚ್ಚಿ. ಮರದ ಎಳೆಯ ಉದ್ದಕ್ಕೆ ತಿಂದು ನಡುವೆ ಮಣ್ಣು ಮೆತ್ತಿದ್ದರೆ ಅನುಮಾನವೇ ಬೇಡ.

ಕೆಳಗೆ ಪುಡಿ ಉದುರುತ್ತಿದೆ, ಗುಂಡುಸೂಜಿಯ ಗಾತ್ರದ ತೂತು ಇದೆ ಅಂದರೆ ಅದು ಗೆದ್ದಲಲ್ಲ, ಕುಟ್ಟೆ ಹುಳ. ಬಿದಿರು, ರಬ್ಬರ್ ಮರದ ಸಾಮಾನಿಗೆ ಜಾಸ್ತಿ ಬರುತ್ತದೆ. ಅದರ ಪುಡಿ ನುಣ್ಣಗಿರುತ್ತದೆ. ಗಸಗಸೆ ಥರ ಸಣ್ಣ ಕಾಳು ಕಾಳಾಗಿ ಉದುರಿದ್ದರೆ ಅದು ಇನ್ನೊಂದು ಜಾತಿ ಗೆದ್ದಲು, ಒಣ ಮರದೊಳಗೇ ಇರುವಂಥದ್ದು, ಅದಕ್ಕೆ ಮಣ್ಣಿನ ಕೊಳವೆ ಬೇಕಿಲ್ಲ. ಎರಡಕ್ಕೂ ನೆಲಕ್ಕೆ ಔಷಧಿ ಹಾಕಿಸಿ ಪ್ರಯೋಜನವಿಲ್ಲ. ಅದನ್ನು ತಿಳಿಯದೆ ದುಡ್ಡು ಸುರಿದವರು ಬೇಕಾದಷ್ಟು ಜನ ಇದ್ದಾರೆ.

ರಾಜು_ಚಾಮರಾಜನಗರ

ಅಷ್ಟೆಲ್ಲ ಯಾಕೆ, ಸೀಮೆಎಣ್ಣೆ ಸುರಿಯಿರಿ ಸಾಕು. ನಮ್ಮಜ್ಜಿ ಅದನ್ನೇ ಮಾಡುತ್ತಿದ್ದರು.

ಹುಳದ_ಡಾಕ್ಟರ್

ರಾಜು ಅವರೇ, ಸೀಮೆಎಣ್ಣೆ ತಾಗಿದ ಹುಳ ಸಾಯುತ್ತದೆ, ನಿಜ. ಆದರೆ ರಾಣಿ ನೆಲದ ಆಳದ ಗೂಡಿನಲ್ಲಿ ಇರುತ್ತಾಳೆ. ಮನೆಯೊಳಗೆ ಬಂದಿರುವವು ಕೂಲಿಗಳು. ಅದೂ ಅಲ್ಲದೆ ಸ್ವಿಚ್ ಬೋರ್ಡ್ ಹತ್ತಿರ ಬಾಗಿಲ ಚೌಕಟ್ಟಿಗೆ ಸೀಮೆಎಣ್ಣೆ ಸುರಿಯುವುದು ಅಪಾಯ, ದಯವಿಟ್ಟು ಯಾರಿಗೂ ಹೇಳಬೇಡಿ.

ಮೇಡಂ, ನಾನು ಪೆಸ್ಟ್ ಕಂಟ್ರೋಲ್ ಕೆಲಸದಲ್ಲೇ ಇದ್ದೇನೆ. ಮನೆಯವರು ತಂದ ಸ್ಪ್ರೇ ಈಗಲೇ ಹೊಡೆಯಬೇಡಿ. ಹೊಡೆದರೆ ಆ ಜಾಗ ಬಿಟ್ಟು ಇನ್ನೊಂದು ಕಡೆಯಿಂದ ದಾರಿ ಮಾಡಿಕೊಳ್ಳುತ್ತವೆ, ಆಮೇಲೆ ನಮಗೂ ಎಲ್ಲಿಂದ ಬರುತ್ತಿವೆ ಅಂತ ಹುಡುಕುವುದು ಕಷ್ಟ. ಕೊಳವೆ ಸಿಕ್ಕರೆ ಮಧ್ಯದಲ್ಲಿ ಬೆರಳಗಲ ಮಾತ್ರ ಕೆರೆಯಿರಿ. ಬೆಳ್ಳಗಿನ ಹುಳ ಓಡಾಡುವುದು ಕಂಡರೆ ಅಲ್ಲಿಗೆ ಮುಗಿಯಿತು. ಕಾಣದಿದ್ದರೆ ಕೆಲವು ದಿನ ಬಿಟ್ಟು ನೋಡಿ, ಒದ್ದೆ ಮಣ್ಣಿನಿಂದ ಮತ್ತೆ ಮುಚ್ಚಿದ್ದರೆ ಈಗಲೂ ಓಡಾಟ ಇದೆ ಅಂತರ್ಥ. ಮುಚ್ಚದೆ ಹಾಗೇ ಇದ್ದರೆ ಆ ದಾರಿ ಬಿಟ್ಟಿರಬಹುದು, ಆದರೆ ಮನೆಯನ್ನೇ ಬಿಟ್ಟಿವೆ ಅನ್ನುವ ಹಾಗಿಲ್ಲ.

ಕಂಪನಿಯವರು ಬಂದಾಗ ಔಷಧಿಯ ಹೆಸರು ಕೇಳಿ. ಇಮಿಡಾಕ್ಲೋಪ್ರಿಡ್ 30.5% ಈಗ ಜಾಸ್ತಿ ಬಳಕೆಯಲ್ಲಿದೆ, ಒಂದು ಲೀಟರ್ ನೀರಿಗೆ 2.1 ಮಿ.ಲೀ. ಲೆಕ್ಕ. ಡಬ್ಬ ನಿಮ್ಮ ಮುಂದೆ ಒಡೆದು ನಿಮ್ಮ ಮುಂದೆಯೇ ಕಲಸಲಿ. ಕಟ್ಟಿದ ಮನೆಗೆ ಹೇಗೆ ಮಾಡಬೇಕು ಅನ್ನುವುದಕ್ಕೆ ಭಾರತೀಯ ಮಾನಕ (ಐಎಸ್) 6313ರ 3ನೇ ಭಾಗ ಇದೆ. ಗೋಡೆ ಮತ್ತು ನೆಲ ಸೇರುವ ಕಡೆ ಸುಮಾರು ಒಂದು ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು, ಔಷಧಿ ತುಂಬಿ, ಮತ್ತೆ ಮುಚ್ಚಬೇಕು. ತೂತೇ ಕೊರೆಯದೆ ಮೇಲೆ ಮೇಲೆ ಪಂಪ್ ಹೊಡೆದು ಹೋಗುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಮನೆ ಪಕ್ಕ ಬಾವಿ ಇದ್ದರೆ, ಒಳಗೆ ಮೀನಿನ ತೊಟ್ಟಿ ಇದ್ದರೆ ಮೊದಲೇ ಹೇಳಬೇಕು, ಅದನ್ನು ಅವರು ಕೇಳದಿದ್ದರೆ ಅವರ ಕೆಲಸ ಎಷ್ಟು ಮಟ್ಟದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಮೂರನೇಮಹಡಿ_ಬೆಂಗಳೂರು

ನಮ್ಮದು ಫ್ಲಾಟ್, ಮೂರನೇ ಮಹಡಿ. ಇಷ್ಟು ಮೇಲೆ ಬರುವುದಿಲ್ಲ ತಾನೇ?

ಹುಳದ_ಡಾಕ್ಟರ್

ಬರುತ್ತದೆ ಸರ್. ಪೈಪ್ ಹೋಗುವ ಡಕ್ಟ್, ಗೋಡೆಯ ಬಿರುಕು, ವೈರಿಂಗ್ ಪೈಪ್ ಹಿಡಿದು ಹತ್ತುತ್ತದೆ. ನಿಮ್ಮ ಫ್ಲಾಟ್ ಒಂದಕ್ಕೇ ಔಷಧಿ ಹಾಕಿಸಿದರೆ ಸಾಲದು, ಕೆಳಗಿನ ಮನೆಯವರನ್ನೂ ಕೇಳಿ.

ಮೈಸೂರುಮಲ್ಲಿಗೆ_ಬಳ್ಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವತ್ತು ಕಿಟಕಿ ತೆಗೆದೇ ಇತ್ತು, ಹಾಗಾಗಿ ರೆಕ್ಕೆ ಹೊರಗಿನದ್ದೇ ಇರಬೇಕು. ಆದರೆ ನೀವು ಹೇಳಿದ ಹಾಗೆ ಚೌಕಟ್ಟು ತಟ್ಟಿ ನೋಡಿದೆವು. ಕೆಳಗೆ ಒಂದು ಗೇಣಿನಷ್ಟು ಪೊಳ್ಳು ಸದ್ದು ಬರುತ್ತದೆ, ಚುಚ್ಚಿದರೆ ಒಳಗೆ ಮಣ್ಣು. ವಾರ್ಡ್‌ರೋಬ್‌ನ ಕೆಳಗಿನ ಖಾನೆಯಲ್ಲಿ ಹಳೇ ಪೇಪರ್ ಕಟ್ಟು ಇಟ್ಟಿದ್ದೆವು, ಅದನ್ನು ಎತ್ತಿದಾಗ ಹಿಂದಿನ ಹಲಗೆಯ ಮೇಲೆ ಸಣ್ಣ ಮಣ್ಣಿನ ಗೆರೆ ಕಂಡಿತು. ಕೆರೆದಾಗ ಹುಳ ಇದ್ದವು. ಈಗ ಚೌಕಟ್ಟು, ವಾರ್ಡ್‌ರೋಬ್ ಎರಡನ್ನೂ ಕೀಳಿಸಬೇಕಾ?

ಉಳಿ_ಸುತ್ತಿಗೆ

ಈಗಲೇ ಏನೂ ಕೀಳಿಸಬೇಡಿ. ಹೊಸ ಚೌಕಟ್ಟು ಕೂರಿಸಿದರೆ ಅದನ್ನೂ ತಿನ್ನುತ್ತವೆ ಅಷ್ಟೇ. ಮೊದಲು ನೆಲಕ್ಕೆ ಔಷಧಿ. ಅದರ ಜೊತೆಗೇ ಬಾತ್‌ರೂಮ್ ಹೊಸ್ತಿಲಿನ ಹತ್ತಿರ ನೀರು ಇಳಿಯುವ ಸಂದು ಇದೆಯಾ ನೋಡಿ ಮುಚ್ಚಿಸಿ, ಒದ್ದೆ ಇರುವ ತನಕ ಅವು ಬರುತ್ತಲೇ ಇರುತ್ತವೆ. ಪೇಪರ್ ಕಟ್ಟು ಹೊರಗೆ ಹಾಕಿ. ವಾರ್ಡ್‌ರೋಬ್ ಹಿಂದಿನ ಹಲಗೆಯನ್ನು ಮಾತ್ರ ಬಿಚ್ಚಿ ನೋಡಲು ಹೇಳಿ, ಪಕ್ಕದ ಪ್ಲೈ ಗಟ್ಟಿ ಇದ್ದರೆ ಉಳಿಸಿಕೊಳ್ಳಬಹುದು. ಚೌಕಟ್ಟಿನ ವಿಷಯಕ್ಕೆ ಬಂದರೆ, ಒಂದು ಗೇಣು ಅಂದರೆ ಪರವಾಗಿಲ್ಲ. ಕೆಟ್ಟ ಭಾಗ ಕೊಯ್ದು ಅಷ್ಟಕ್ಕೇ ಬೇರೆ ತುಂಡು ಕೂರಿಸುತ್ತಾರೆ. ಬಾತ್‌ರೂಮ್ ಬಾಗಿಲು ಆದ್ದರಿಂದ ಕೆಳಗಿನ ತುಂಡಿಗೆ ಮರದ ಬದಲು ಗ್ರಾನೈಟ್ ಹಾಕಿಸಿದರೂ ನಡೆಯುತ್ತದೆ, ನಾನಾದರೆ ಅದನ್ನೇ ಮಾಡುತ್ತೇನೆ.

ಹುಳದ_ಡಾಕ್ಟರ್

ವಾರಂಟಿ ಕಾಗದದಲ್ಲಿ ಮರುಭೇಟಿ ಉಚಿತ ಅಂತ ಬರೆಸಿಕೊಳ್ಳಿ ಮೇಡಂ. ಬಾಯಿಮಾತಿನ ಐದು ವರ್ಷ, ಹತ್ತು ವರ್ಷ ನಂಬಬೇಡಿ. ಮತ್ತೆ ಆ ಹಲಗೆ ಬಿಚ್ಚುವ ದಿನವೇ ಔಷಧಿಯವರನ್ನೂ ಬರಹೇಳಿ, ಗೋಡೆ ಪೂರ್ತಿ ಕಾಣುವಾಗ ಕೆಲಸ ಸಲೀಸು.