ವೃತ್ತದೊಳಗೆ ತ್ರಿಕೋನ, ಮೂರು ‘ಟಿ’, ಇಸ್ವಿ 2442: ಇದು ಯಾವ ಸಂಘದ ಸರ್ಟಿಫಿಕೇಟ್?

ರದ್ದಿಕಾಗದ_ಬೆಳಗಾವಿ
ಕ್ಯಾಂಪಿನ ಹಳೆ ಬಂಗಲೆಯ ರದ್ದಿಯೊಳಗ ಬಂದ ಕಾಗದ ಇವು. ದಪ್ಪ ಸರ್ಟಿಫಿಕೇಟಿನ ಮ್ಯಾಲೆ ವೃತ್ತ, ಒಳಗ ತ್ರಿಕೋನ, ಅದರೊಳಗ ಮೂರು ಇಂಗ್ಲಿಷ್ ‘ಟಿ’ ಬುಡಕ್ಕ ಬುಡ ಕೂಡಿಸಿದಂಗ ಅದಾವ. ಕೆಳಗ 2442 ಅಂತ ಇಸ್ವಿ! ಮೂಲ್ಯಾಗ ಮಸಿ ಇಲ್ಲದ ಉಬ್ಬು ಮುದ್ರೆ, ಓದಾಕ ಬರವಲ್ದು. ಇನ್ನೊಂದು ಸಭೆಗೆ ಕರೆದ ಕಾರ್ಡು, ಅದರ ಮ್ಯಾಲೆ ಅಡ್ಡಡ್ಡ ಇಟ್ಟ ಎರಡು ಗರಿ ಲೇಖನಿ. ಮೂರನೇದು ಖಾಲಿ ಲಕೋಟೆ: ಆರು ಮೂಲೆ ನಕ್ಷತ್ರ, ಸುತ್ತ ಬಾಲ ಕಚ್ಚಿದ ಹಾವು. ಮೂರೂ ಒಂದೇ ಸಂಘದ್ದೇನ್ರಿ?

ಹಳೇಮುದ್ರೆ
ಲಕೋಟೆ ಬ್ಯಾರೆ ಇಡ್ರಿ. ಅದು ಥಿಯೊಸಾಫಿಕಲ್ ಸೊಸೈಟಿಯದು. 1875ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿ, 1882ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಸಂಸ್ಥೆ. ನಕ್ಷತ್ರದ ನಡುವೆ ತಲೆಗೆ ಕುಣಿಕೆ ಇರುವ ಈಜಿಪ್ಟಿನ ಶಿಲುಬೆ, ಮೇಲ್ಗಡೆ ಸ್ವಸ್ತಿಕ ಕಂಡರೆ ಸಂಶಯವೇ ಬೇಡ. ಆರು ಮೂಲೆ ನಕ್ಷತ್ರ ಫ್ರೀಮೇಸನ್ನರ (ತಮ್ಮದೇ ವಿಧಿ, ಗುರುತು ಇಟ್ಟುಕೊಂಡ ಹಳೆ ಸಹೋದರ ಸಂಘದವರು) ‘ರಾಯಲ್ ಆರ್ಚ್’ ಅನ್ನೋ ಶಾಖೆಯ ಪದಕದಲ್ಲೂ ಬರ್ತದೆ, ಬಹಳ ಮಂದಿ ಎಡವೋದು ಇಲ್ಲೇ. ಹಾವು ಐತೋ ಇಲ್ಲೋ ಮೊದಲು ನೋಡಬೇಕು.

ಕೂಡಿದ ಮೂರು ‘ಟಿ’ ರಾಯಲ್ ಆರ್ಚ್ ಗುರುತೇ. ಅವರು ಜೆರುಸಲೇಮಿನ ಎರಡನೇ ದೇವಾಲಯದಿಂದ ವರ್ಷ ಎಣಿಸ್ತಾರೆ, ಅಂದ್ರೆ ಕ್ರಿ.ಪೂ. 530ರಿಂದ. 2442ರಲ್ಲಿ 530 ಕಳೀರಿ: 1912. ಅದೇ ಕಾಗದದಲ್ಲಿ 5912 ಅಂತಲೂ ಇರಬಹುದು, ಹುಡುಕಿ ನೋಡ್ರಿ. ಅದು ಸಾಮಾನ್ಯ ಲಾಡ್ಜಿನವರ (ಲಾಡ್ಜ್ ಅಂದ್ರೆ ಫ್ರೀಮೇಸನ್ನರ ಸ್ಥಳೀಯ ಘಟಕ) ಲೆಕ್ಕ, ಅದಕ್ಕೆ 4000 ಕಳೀಬೇಕು. ಎರಡೂ ಕೂಡಿದರೆ ಇಸ್ವಿ ಗಟ್ಟಿ.

ಅಡ್ಡ ಲೇಖನಿ ಲಾಡ್ಜಿನ ಸೆಕ್ರೆಟರಿಯ ಬಿಲ್ಲೆ. ಸಭೆಗೆ ಕರೆಯೋದು ಅವರ ಕೆಲಸ, ಅದಕ್ಕೇ ಕಾರ್ಡಿನ ಮೇಲೆ ಬಂದೈತಿ.

ಕ್ಯಾಂಪ್_ಸಂಗ್ರಹ
ಚಿತ್ರಕ್ಕಿಂತ ಲಾಡ್ಜಿನ ಇಲ್ಲವೇ ಚಾಪ್ಟರಿನ (ರಾಯಲ್ ಆರ್ಚಿನ ಸ್ಥಳೀಯ ಘಟಕ) ಸಂಖ್ಯೆ ಮುಖ್ಯ. ಅದರ ಪಕ್ಕ ಇ.ಸಿ. ಇದ್ದರೆ ಇಂಗ್ಲೆಂಡಿನ ಆಡಳಿತ, ಎಸ್.ಸಿ. ಇದ್ದರೆ ಸ್ಕಾಟ್ಲೆಂಡಿನದು. ಇಂಗ್ಲೆಂಡಿನಲ್ಲಿ ರಾಯಲ್ ಆರ್ಚ್ ಚಾಪ್ಟರಿಗೆ ಅದು ಸೇರಿಕೊಂಡ ಲಾಡ್ಜಿನ ಸಂಖ್ಯೆಯೇ. ಸ್ಕಾಟ್ಲೆಂಡಿನ ಚಾಪ್ಟರಿನ ಸಂಖ್ಯೆ ಸ್ವತಂತ್ರ. ಎಸ್.ಸಿ. ಚಾಪ್ಟರಿನ ಸಂಖ್ಯೆ ಹಿಡಿದು ಲಾಡ್ಜ್ ಪಟ್ಟಿ ನೋಡಿದರೆ ಸಂಬಂಧವೇ ಇಲ್ಲದ ಊರು ಸಿಗ್ತದೆ. ಇಂಗ್ಲೆಂಡಿನ ಲಾಡ್ಜುಗಳಿಗೆ 1863ರಲ್ಲಿ ಮತ್ತೆ ಹೊಸ ಸಂಖ್ಯೆ ಕೊಟ್ಟರು. ಅದಕ್ಕಿಂತ ಹಳೆ ಕಾಗದವಿದ್ದರೆ ಹಳೆ ಪಟ್ಟಿಯೇ ಬೇಕು. ‘ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ’ ಅಂತ ಕಂಡರೆ ಅದು 1961ರ ನವೆಂಬರ್ 24ರ ಈಚಿನದು.

ಹಳೇಮುದ್ರೆ
ಉಬ್ಬು ಮುದ್ರೆಗೆ ಸ್ಕ್ಯಾನರ್ ಬ್ಯಾಡ. ಅದರ ಬೆಳಕು ಸಮನಾಗಿ ಬಿದ್ದು ನೆರಳೇ ಹುಟ್ಟೋದಿಲ್ಲ. ಕೋಣೆ ಕತ್ತಲೆ ಮಾಡಿ, ಮೊಬೈಲ್ ಅಲುಗದಂಗ ಮೇಲಿಂದ ನಿಲ್ಲಿಸಿ, ಟಾರ್ಚನ್ನ ಕಾಗದದ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬಿಡ್ರಿ. ನಾಲ್ಕೂ ಕಡೆಯಿಂದ ಒಂದೊಂದು ಫೋಟೊ, ಆಮೇಲೆ ಕಪ್ಪು-ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸ್ರಿ. ಮುಂಬದಿ ಸವೆದಿದ್ದರೆ ಹಿಂಬದಿಯ ಫೋಟೊ ತೆಗೆದು ಕನ್ನಡಿಯಂಗ ತಿರುವಿದರೆ ಅಕ್ಷರ ಓದಬಹುದು. ಪೆನ್ಸಿಲ್ ಉಜ್ಜಬ್ಯಾಡ್ರಿ, ಉಬ್ಬು ಸವೀತದೆ, ಕಪ್ಪು ಉಳೀತದೆ. ಪುಸ್ತಕದ ಭಾರ ಹೇರಿದರೂ ಉಬ್ಬು ಕುಗ್ಗತೈತಿ.

ಮಡಿಕೆ ಬಿಡಿಸಾಕ ನೀರಿನ ಪಸೆ ಬೇಡವೇ ಬೇಡ. ಆ ಕಾಲದ ಮಸಿ ಹರಡ್ತದೆ. ಲ್ಯಾಮಿನೇಶನ್ ಮಾಡಿದರೆ ಕಾಗದ ಮತ್ತೆ ಬಿಡಿಸಿ ತಗಿಯಾಕ ಬರೋದಿಲ್ಲ. ಒಂದು ಬದಿ ತೆರೆದ ಪಾಲಿಯೆಸ್ಟರ್ ಕವರ್ ಸಾಕು. ಬೆಳಗಾವಿ ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡ್ರಿ, ಇಲ್ಲಾಂದ್ರೆ ಬೂಷ್ಟು ಹಿಡೀತದೆ.

ರದ್ದಿಕಾಗದ_ಬೆಳಗಾವಿ
5912 ಸಿಕ್ತರಿ, ಸಣ್ಣ ಅಕ್ಷರದಾಗ ಮ್ಯಾಲಿನ ಸಾಲಿನಾಗ ಇತ್ತು. ಮುದ್ರೆಯೊಳಗ ಎಸ್.ಸಿ. ಸ್ವಚ್ಛ ಕಾಣಾಕತ್ತೈತಿ.

ಕ್ಯಾಂಪ್_ಸಂಗ್ರಹ
ಹಂಗಾದ್ರೆ ವಿಚಾರಿಸಬೇಕಾದದ್ದು ಎಡಿನ್‌ಬರೋದ ಸುಪ್ರೀಮ್ ಗ್ರ್ಯಾಂಡ್ ರಾಯಲ್ ಆರ್ಚ್ ಚಾಪ್ಟರಿಗೆ, ಅಂದ್ರೆ ಸ್ಕಾಟ್ಲೆಂಡಿನ ಚಾಪ್ಟರುಗಳ ಮುಖ್ಯ ಸಂಸ್ಥೆಗೆ. ಚಾಪ್ಟರಿನ ಸಂಖ್ಯೆ, 1912, ಸದಸ್ಯನ ಹೆಸರಿನ ಸ್ಪೆಲ್ಲಿಂಗ್ ಕಾಗದದಲ್ಲಿದ್ದಂತೆಯೇ ಬರೀರಿ, ಮುದ್ರೆಯ ನಾಲ್ಕೂ ಫೋಟೊ ಜೊತೆಗಿಡ್ರಿ.