‘ಬಯಾಸ್’ಗೆ ‘ಹದ’ ಅನ್ನಬಹುದಾ? ಹ್ಯಾಮ್ ಆಂಪ್ಲಿಫೈಯರ್ ಕಟ್ಟುವವರ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಕೇಳಬೇಕಾದ್ದು ಮುಖ್ಯವಾಗಿ ಒಂದೇ ಪದ. ಟ್ರಾನ್ಸಿಸ್ಟರ್, ಮಾಸ್‌ಫೆಟ್‌ಗಳಿಗೆ ಸಿಗ್ನಲ್ ಬರುವ ಮೊದಲೇ ಕೊಟ್ಟಿಡುವ ಸಣ್ಣ ವೋಲ್ಟೇಜು, ಅಂದರೆ ‘ಬಯಾಸ್’ಗೆ ಕನ್ನಡದಲ್ಲಿ ‘ಹದ’ ಅಂತ ಬರೆದರೆ ಓದುವವರಿಗೆ ತಿಳಿಯುತ್ತದಾ, ಇಲ್ಲ ನಗುತ್ತಾರಾ? ಜೊತೆಗೆ ಇನ್ನು ನಾಲ್ಕಾರು ಸಣ್ಣ ಅನುಮಾನಗಳೂ ಇವೆ. ಹಿನ್ನೆಲೆ ಹೇಳದೆ ಕೇಳಿದರೆ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಹ್ಯಾಮ್ ಗುಂಪು, ಅಂದರೆ ಹವ್ಯಾಸಿ ರೇಡಿಯೊದವರದ್ದು. ಗುಬ್ಬಿ, ಶಿರಾ, ಕೊರಟಗೆರೆ ಕಡೆಯ ಐಟಿಐ, ಡಿಪ್ಲೊಮಾ ಹುಡುಗರು ಬರುತ್ತಾರೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂನವರು. ಕೈಕೆಲಸದಲ್ಲಿ ಬಲು ಚುರುಕು. ಇಂಗ್ಲಿಷ್ ಸರ್ಕ್ಯೂಟ್ ಪುಸ್ತಕ ಮುಂದಿಟ್ಟರೆ ಮಾತ್ರ ಮುಖ ಸಪ್ಪಗಾಗುತ್ತದೆ. ಐದು ವ್ಯಾಟಿನ ರೇಡಿಯೊ ಸೆಟ್ ಕಟ್ಟಿ ಮುಗಿಸಿದ್ದಾರೆ. ಹೈದರಾಬಾದಿನ ಅಷರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಮಾದರಿ ಅದು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಬಿಡಿಭಾಗಗಳಲ್ಲೇ ಆಗುವಂಥದ್ದು.

ಈಗ ಅದರ ಮುಂದೆ ಇಡಲು ಒಂದು ಪವರ್ ಆಂಪ್ಲಿಫೈಯರ್ ಬೇಕಂತೆ. ಐದು ವ್ಯಾಟಿನಿಂದ ಐವತ್ತಕ್ಕೆ ಹೋದರೆ ಸಿಗುವುದು 10 ಡೆಸಿಬೆಲ್. ಆ ಕಡೆಯವರ ಸೆಟ್ಟಿನಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಮೀಟರಿನಲ್ಲಿ ಒಂದು ಎಸ್ ಅಂಕ ಏರಲು 6 ಡೆಸಿಬೆಲ್ ಬೇಕು, ಅಂದರೆ ಎರಡು ಅಂಕವೂ ಏರುವುದಿಲ್ಲ. ಮೊದಲು ಏರಿಯಲ್ ಎತ್ತರಕ್ಕೆ ಕಟ್ಟಿ ಅಂತ ಹೇಳಿ ನೋಡಿದೆ. ಕೇಳಬೇಕಲ್ಲ! ರಿಸ್ಟ್ರಿಕ್ಟೆಡ್ ದರ್ಜೆಯ ಲೈಸೆನ್ಸಿಗೆ 50 ವ್ಯಾಟ್ ಮಿತಿ, ಜನರಲ್ ದರ್ಜೆಗೆ 400. ಹಾಗಾಗಿ 40 ವ್ಯಾಟಿಗೆ ನಿಲ್ಲಿಸೋಣ, ಬ್ಯಾಂಡು 40 ಮೀಟರ್ (7 ಮೆಗಾಹರ್ಟ್ಸ್ ಕಡೆಯದು) ಒಂದೇ ಸಾಕು ಅಂತ ಮಾತಾಯಿತು. ಕಟ್ಟುವ ಬಗೆಯನ್ನು ಕನ್ನಡದಲ್ಲಿ ಬರೆದು ಹಂಚುವ ಕೆಲಸ ನನ್ನ ತಲೆಗೆ ಬಂತು.

ಮೊದಲ ಸಾಲಿನಲ್ಲೇ ತೊಡಕು. ಆಂಪ್ಲಿಫೈಯರ್‌ಗೆ ‘ವರ್ಧಕ’ ಅಂತ ನಿಘಂಟುಗಳಲ್ಲಿದೆ. ಆದರೆ ನಮ್ಮೂರಲ್ಲಿ ಧ್ವನಿವರ್ಧಕ ಅಂದರೆ ಗಣಪತಿ ಪೆಂಡಾಲಿನ ಮೈಕ್‌ಸೆಟ್ಟು, ಅದಕ್ಕೆ ಪೊಲೀಸರ ಪರವಾನಗಿ, ರಾತ್ರಿ ಹತ್ತಕ್ಕೆ ಬಂದ್. ‘ಶಕ್ತಿವರ್ಧಕ’ ಅಂತ ಬರೆದರೆ ಇನ್ನೂ ಚೆಂದ, ಅದು ಔಷಧಿ ಅಂಗಡಿಯ ಟಾನಿಕ್ ಬಾಟಲಿ! ಹ್ಯಾಮ್‌ಗಳು ತಮ್ಮತಮ್ಮಲ್ಲಿ ‘ಲೀನಿಯರ್’ ಅನ್ನುತ್ತಾರೆ. ಒಳಗೆ ಹೋದ ಸಿಗ್ನಲ್ಲಿನ ಪಡಿಯಚ್ಚೇ ದೊಡ್ಡದಾಗಿ ಹೊರಗೆ ಬರಬೇಕು ಅನ್ನುವುದು ಅದರ ಅರ್ಥ. ‘ರೇಖೀಯ’ ಅಂದರೆ ಹುಡುಗರಿಗೆ ಸ್ಕೇಲು, ಪೆನ್ಸಿಲ್ಲು ನೆನಪಾಗುತ್ತದೆಯೇ ಹೊರತು ಇದಲ್ಲ. ನಾನು ಸುಮ್ನೆ ‘ಆಂಪ್ಲಿಫೈಯರ್’ ಅಂತಲೇ ಇಟ್ಟುಕೊಂಡಿದ್ದೇನೆ. ಮೈಕ್‌ಸೆಟ್ಟಿನವರಿಂದ ಹಿಡಿದು ಎಲ್ಲರಿಗೂ ಗೊತ್ತಿರುವ ಪದ, ಬದಲಿಸಿ ಸಾಧಿಸುವುದೇನೂ ಇಲ್ಲ.

ಎಲ್ಲದಕ್ಕೂ ಇಂಗ್ಲಿಷೇ ಇರಲಿ ಅನ್ನುವ ಪೈಕಿ ನಾನಲ್ಲ. ಮೈಸೂರಿನಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಶುರು ಮಾಡಿದ ಬಾನುಲಿ ಕೇಂದ್ರದ ಹೆಸರು ‘ಆಕಾಶವಾಣಿ’. ಅವರ ಟ್ರಾನ್ಸ್‌ಮಿಟರ್ 30 ವ್ಯಾಟಿನದು, ನಾವು ಕಟ್ಟಹೊರಟಿರುವುದಕ್ಕಿಂತ ಕಡಿಮೆ. ಆ ಹೆಸರು ಆಮೇಲೆ ಇಡೀ ದೇಶದ ರೇಡಿಯೊಗೆ ಬಂತು.

ಇನ್ನು ಬಯಾಸ್. ನಾವು ಹಾಕುವುದು ಐಆರ್‌ಎಫ್ 510 ಅನ್ನುವ ಮಾಸ್‌ಫೆಟ್, ಒಂದು ಜೋಡಿ. ಸ್ವಿಚ್ ಕೆಲಸಕ್ಕೆಂದು ಮಾಡಿದ ಅಗ್ಗದ ಮಾಲು. ಹ್ಯಾಮ್‌ಗಳು ಅದನ್ನೇ ರೇಡಿಯೊಗೆ ಒಗ್ಗಿಸಿಕೊಂಡಿದ್ದಾರೆ. 28 ವೋಲ್ಟ್ ಕೊಟ್ಟು, ಒಂದು ವ್ಯಾಟ್ ಒಳಗೆ ಬಿಟ್ಟು, ಜೋಡಿಯಿಂದ 40 ವ್ಯಾಟ್ ತೆಗೆದವರಿದ್ದಾರೆ. ಹುಡುಗರಿಗೆ ನಾನು ಇದನ್ನು ಕೆರೆಯ ತೂಬಿನ ಮೇಲಿಟ್ಟು ಹೇಳಿದೆ. ಕೆರೆ ಅಂದರೆ ಪವರ್ ಸಪ್ಲೈ. ತೂಬು ಎತ್ತಿ ಇಳಿಸುವ ಕೈ ಅಂದರೆ ಚಿಕ್ಕ ಸೆಟ್ಟಿನಿಂದ ಬರುವ ಸಿಗ್ನಲ್. ಗದ್ದೆಗೆ ಹರಿಯುವ ನೀರು ಕೈಯಿಂದ ಬಂದದ್ದಲ್ಲ, ಕೆರೆಯದು. ಕೈ ಆಡಿದ ಹಾಗೆ ನೀರು ಏರಿಳಿಯುತ್ತದೆ, ಅಷ್ಟೆ. ತೂಬು ತಳಕ್ಕೆ ಕಚ್ಚಿಕೊಂಡು ಕೂತಿದ್ದರೆ ಕೈ ಮೆಲ್ಲಗೆ ಆಡಿಸಿ ಪ್ರಯೋಜನವಿಲ್ಲ. ಈ ಮಾಸ್‌ಫೆಟ್ಟಿನ ತೂಬು ತಳ ಬಿಡುವುದು ಗೇಟಿಗೆ, ಅಂದರೆ ಸಿಗ್ನಲ್ ಕೊಡುವ ಅದರ ಕಾಲಿಗೆ, 2ರಿಂದ 4 ವೋಲ್ಟಿನ ನಡುವೆ ಎಲ್ಲೋ ಒಂದು ಕಡೆ. ಎಲ್ಲಿ ಅನ್ನುವುದು ಒಂದೊಂದು ಪೀಸಿಗೂ ಬೇರೆ.

ಅದಕ್ಕೇ ಸಿಗ್ನಲ್ ಬರುವ ಮೊದಲೇ ಗೇಟಿಗೆ ಒಂದು ಸಣ್ಣ ವೋಲ್ಟೇಜ್ ಕೊಟ್ಟಿರಬೇಕು. ಆ ವೋಲ್ಟೇಜನ್ನು ಹೆಚ್ಚು ಕಡಿಮೆ ಮಾಡುವ ಟ್ರಿಮ್ಮರನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಕರೆಂಟಿನ ಮೀಟರು ಮೊದಲು ಅಲ್ಲಾಡುವುದೇ ಇಲ್ಲ. ಆಮೇಲೆ ಒಮ್ಮೆಗೇ ಮೇಲೇಳುತ್ತದೆ. ಒಂದೊಂದಕ್ಕೂ 50ರಿಂದ 100 ಮಿಲಿಆಂಪ್ ನಡುವೆ ನಿಲ್ಲಿಸಬೇಕು. ಆ ಸಣ್ಣ ವೋಲ್ಟೇಜೇ ಬಯಾಸ್. ಅದಿಲ್ಲದಿದ್ದರೆ ಮೋರ್ಸ್ ಕೀ ಬಡಿಯುವವರಿಗೆ ಹೇಗೋ ನಡೆಯುತ್ತದೆ. ಎಸ್‌ಎಸ್‌ಬಿಯಲ್ಲಿ (ಹ್ಯಾಮ್‌ಗಳು ಮಾತಿಗೆ ಬಳಸುವ ಒಂದು ಪ್ರಸಾರ ವಿಧಾನ) ಮಾತಾಡುವವರ ದನಿ ಮಾತ್ರ ಒಡೆದು, ಪಕ್ಕದ ಫ್ರೀಕ್ವೆನ್ಸಿಗಳಿಗೂ ಚೆಲ್ಲುತ್ತದೆ.

ಇಂಗ್ಲಿಷ್–ಕನ್ನಡ ನಿಘಂಟು ತೆಗೆದರೆ ಬಯಾಸ್‌ಗೆ ಪಕ್ಷಪಾತ, ಪೂರ್ವಗ್ರಹ, ಒಲವು. ‘ಗೇಟಿಗೆ 3 ವೋಲ್ಟ್ ಪಕ್ಷಪಾತ ಕೊಡಿ’ ಅಂತ ಬರೆಯಲು ನನ್ನ ಕೈ ಬರಲಿಲ್ಲ. ‘ಒಲವು’ ಕೇಳಲು ಇಂಪು, ಆದರೆ ಇಲ್ಲಿ ಯಾವುದೂ ಯಾವ ಕಡೆಗೂ ಒಲಿಯುತ್ತಿಲ್ಲ. ಟ್ರಿಮ್ಮರ್ ತಿರುಗಿಸುತ್ತಿದ್ದ ಗುಬ್ಬಿಯ ಹುಡುಗನೇ ದಾರಿ ತೋರಿಸಿದ. “ಅಣ್ಣಾ, ಹದಕ್ ಬಂತು ನೋಡಿ, ಎಂಬತ್ತು ತೋರಿಸ್ತೈತೆ” ಅಂದ. ನಾನು ಹೇಳಿಕೊಟ್ಟದ್ದಲ್ಲ. ಮಳೆ ಬಿದ್ದ ಮೇಲೆ ಹೊಲ ಹದಕ್ಕೆ ಬರುವುದು, ಬೆಲ್ಲದ ಪಾಕ ಹದಕ್ಕೆ ಬರುವುದು, ಚರ್ಮ ಹದ ಮಾಡುವುದು, ಎಲ್ಲದರಲ್ಲೂ ಮುಂದಿನ ಕೆಲಸಕ್ಕೆ ತಯಾರಾಗಿ ನಿಲ್ಲುವ ಅರ್ಥವಿದೆ. ಬಯಾಸ್ ಮಾಡುವುದೂ ಅದನ್ನೇ ಅಲ್ವಾ?

ಪದ ಚೆನ್ನಾಗಿ ಬಾಗುತ್ತದೆ ಕೂಡ. ಹದ ವೋಲ್ಟೇಜ್, ಹದದ ಟ್ರಿಮ್ಮರ್, ಹದ ಮಾಡು. ‘ಹದ ತಪ್ಪು’ ಅನ್ನುವುದಂತೂ ಹೇಳಿ ಮಾಡಿಸಿದ ಹಾಗಿದೆ. ಯಾಕೆಂದರೆ ಮಾಸ್‌ಫೆಟ್ ಬಿಸಿಯಾದರೆ ತಳ ಬಿಡುವ ವೋಲ್ಟೇಜು ಇಳಿಯುತ್ತದೆ. ಗೇಟಿಗೆ ಕೊಟ್ಟದ್ದು ಅಷ್ಟೇ ಇದ್ದರೂ ಕರೆಂಟು ಏರುತ್ತದೆ, ಏರಿದ್ದಕ್ಕೆ ಇನ್ನಷ್ಟು ಬಿಸಿ, ಅದಕ್ಕೆ ಇನ್ನಷ್ಟು ಕರೆಂಟು. ತಡೆಯಲು ಹೀಟ್‌ಸಿಂಕಿಗೆ ಒಂದು ಡಯೋಡ್ ಅಂಟಿಸಿ, ಬಿಸಿ ಏರಿದ ಹಾಗೆ ಗೇಟಿನ ವೋಲ್ಟೇಜು ಇಳಿಯುವಂತೆ ಮಾಡುತ್ತಾರೆ. ಇದನ್ನು ‘ಹದ ಕಾಯುವ ಡಯೋಡ್’ ಅಂತ ಬರೆದೆ. ಯಾರೂ ಏನು ಅಂತ ಕೇಳಲಿಲ್ಲ.

ಈಗ ಆಕ್ಷೇಪಣೆ. ಡಯೋಡಿನ ಪಾಠದಲ್ಲಿ ಫಾರ್ವರ್ಡ್ ಬಯಾಸ್, ರಿವರ್ಸ್ ಬಯಾಸ್ ಬರುತ್ತವೆ. ಅಲ್ಲಿ ‘ಮುಂದಿನ ಹದ’, ‘ಹಿಂದಿನ ಹದ’ ಅಂದರೆ ಅರ್ಥವೇ ಕೆಡುತ್ತದೆ. ಉಲ್ಟಾ ಕೊಟ್ಟ ವೋಲ್ಟೇಜಿನಲ್ಲಿ ಹದಕ್ಕೆ ಬರುವಂಥದ್ದು ಏನೂ ಇಲ್ಲ, ಕರೆಂಟು ನಿಲ್ಲುತ್ತದೆ ಅಷ್ಟೆ. ಇಂಗ್ಲಿಷಿನಲ್ಲಿ ಒಂದೇ ಪದ ಎರಡೂ ಕೆಲಸ ಮಾಡುತ್ತದೆ ಅಂತ ಕನ್ನಡದಲ್ಲೂ ಒಂದೇ ಇರಬೇಕೆಂದಿಲ್ಲ ಅನ್ನುವುದು ನನ್ನ ಅನಿಸಿಕೆ. ಆಂಪ್ಲಿಫೈಯರ್ ಪಾಠದಲ್ಲಿ ‘ಹದ’, ಡಯೋಡ್ ಪಾಠದಲ್ಲಿ ‘ನೇರ, ಉಲ್ಟಾ’ ಅಂತ ಬರೆಯಬಹುದು. ಪಾಠ ಮಾಡುವ ಮೇಷ್ಟ್ರುಗಳು ಇದ್ದರೆ ಹೇಳಿ, ಮಕ್ಕಳಿಗೆ ಇದು ಗೊಂದಲವಾಗುತ್ತದಾ?

ಇದರ ಬೆನ್ನಿಗೇ ಇನ್ನೊಂದು. ಸಿಗ್ನಲ್ ಇಲ್ಲದಾಗಲೂ ಹರಿಯುವ ಆ 80 ಮಿಲಿಆಂಪಿಗೆ ಹೆಸರು ಬೇಕು. ‘ಸುಪ್ತ ವಿದ್ಯುತ್ಪ್ರವಾಹ’ ಅಂತ ಒಬ್ಬರು ಸೂಚಿಸಿದರು. ಅದು ಹರಿಯುತ್ತಿದೆ, ಮೀಟರಿನಲ್ಲಿ ಕಾಣುತ್ತಿದೆ, ಸುಪ್ತ ಹೇಗಾಗುತ್ತದೆ? ಹುಡುಗರು ‘ಸುಮ್ನಿರೋ ಕರೆಂಟು’ ಅನ್ನುತ್ತಾರೆ. ನಾನು ‘ತಳ ಕರೆಂಟು’ ಅಂತ ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ತಿಳಿಸಿ.

ಕಾಯಿಲುಗಳ ವಿಷಯದಲ್ಲಿ ಮಾತ್ರ ನಮ್ಮ ಜಿಲ್ಲೆಗೆ ಪದಗಳ ಬರ ಇಲ್ಲ. ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿಗಳು ಎಷ್ಟಿವೆ! ಮಂಡಿಪೇಟೆ ಹತ್ತಿರದ ಒಂದು ಅಂಗಡಿಗೆ ವಾರ್ನಿಷ್ ತಂತಿ ಕೇಳಿಕೊಂಡು ಹೋದೆ. “ಎಷ್ಟು ಎಚ್‌ಪಿ ಸಾರ್?” ಅಂದರು ಮೇಸ್ತ್ರಿ. ಜೇಬಿನಿಂದ ಕಾಯಿಲು ಸುತ್ತುವ ಫೆರೈಟ್ ರಿಂಗ್ ತೆಗೆದು ತೋರಿಸಿದೆ. ಬೆರಳ ತುದಿಯಲ್ಲಿಟ್ಟು ತಿರುಗಿಸಿ ನೋಡಿದರು. ಎರಡು ತಂತಿ ಒಟ್ಟಿಗೆ ಸುತ್ತಬೇಕು ಅಂದಾಗ “ಹಂಗಾರೆ ಎರಡೆಳೆ ಹುರಿ ಮಾಡ್ಕೊಡ್ತೀನಿ ತಡೀರಿ” ಅಂದವರೇ ಒಂದು ತುದಿ ವೈಸಿಗೆ ಕಚ್ಚಿಸಿ, ಇನ್ನೊಂದು ತುದಿ ಕೈಡ್ರಿಲ್ಲಿಗೆ ಸಿಕ್ಕಿಸಿ ನಾಲ್ಕು ಸಲ ತಿರುಗಿಸಿದರು. ನೀಟಾದ ಹುರಿ. ತುದಿಯ ವಾರ್ನಿಷ್ಷನ್ನು ಬ್ಲೇಡಿನಲ್ಲಿ ಹೆರೆದು “ಇಲ್ಲಿ ಕಲಾಯಿ ಮಾಡ್ಕಳಿ, ಇಲ್ದಿದ್ರೆ ಹಿಡಿಯಲ್ಲ” ಅಂದರು.

ಬೈಫೈಲರ್‌ಗೆ ‘ಎರಡೆಳೆ’, ಟ್ರೈಫೈಲರ್‌ಗೆ ‘ಮೂರೆಳೆ’, ಟಿನ್ನಿಂಗ್‌ಗೆ ‘ಕಲಾಯಿ’. ಒಂದು ನಿಮಿಷದಲ್ಲಿ ಮೂರು ಪದ ಸಿಕ್ಕವು. ಕಲಾಯಿ ಅಂದರೆ ಪಾತ್ರೆಗೆ ತವರ ಹಚ್ಚುವುದು. ತಾಮ್ರದ ತಂತಿಗೆ ನಾವು ಮಾಡುವುದೂ ತವರದ ಕೆಲಸವೇ.

‘ಸುತ್ತು’ ಮಾತ್ರ ತಕರಾರಿನ ಪದ. ರಿಂಗಿನ ತೂತಿನೊಳಗೆ ತಂತಿ ಒಂದು ಸಲ ಹಾಯ್ದರೆ ಅದೇ ಒಂದು ಸುತ್ತು, ಹೊರಗಡೆ ಸುತ್ತಿದ ಹಾಗೆ ಕಾಣದಿದ್ದರೂ. ಹುಡುಗರು ಹೊರಗಡೆ ಕಾಣುವ ಸುತ್ತನ್ನು ಎಣಿಸಿ ಒಂದು ಕಡಿಮೆ ಲೆಕ್ಕ ಹಿಡಿಯುತ್ತಾರೆ. ಹತ್ತು ಸುತ್ತಿನ ಕಡೆ ಒಂದು ಜಾಸ್ತಿಯಾದರೆ ಇಂಡಕ್ಟೆನ್ಸು ಸುಮಾರು ಐದನೇ ಒಂದು ಭಾಗ ಏರುತ್ತದೆ. ಫಿಲ್ಟರ್ ಕಾಯಿಲಿನಲ್ಲಿ ಅದು ಸಣ್ಣದಲ್ಲ. ಹಾಗಾಗಿ ‘ಹತ್ತು ಸುತ್ತು’ ಅನ್ನುವ ಬದಲು ‘ತೂತಿನಲ್ಲಿ ಹತ್ತು ಸಲ ಹಾಯಿಸಿ’ ಅಂತಲೇ ಬರೆದಿದ್ದೇನೆ.

ಹಾರ್ಮೋನಿಕ್‌ಗಳಿಗೆ ನನಗೆ ಬಹಳ ಖುಷಿ ಕೊಟ್ಟ ಪದ ‘ಮಡಿ’. 7.1 ಮೆಗಾಹರ್ಟ್ಸಿನ ಆಂಪ್ಲಿಫೈಯರ್ 14.2ರಲ್ಲೂ 21.3ರಲ್ಲೂ ಬೇಡದ ಸಿಗ್ನಲ್ ಹೊರಹಾಕುತ್ತದೆ. ಮೊದಲನೆಯದು ಇಮ್ಮಡಿ, ಎರಡನೆಯದು ಮುಮ್ಮಡಿ. ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮಾಸ್‌ಫೆಟ್‌ಗಳನ್ನು ಎದುರುಬದುರು ದುಡಿಸುವ ಪುಷ್‌ಪುಲ್‌ನಲ್ಲಿ ಜೋಡಿ ಸರಿಸಮ ಇದ್ದರೆ ಒಂದರ ಇಮ್ಮಡಿ ಇನ್ನೊಂದರ ಇಮ್ಮಡಿಯನ್ನು, ಒಂದರ ನಾಲ್ಮಡಿ ಇನ್ನೊಂದರ ನಾಲ್ಮಡಿಯನ್ನು ಬಹುಮಟ್ಟಿಗೆ ಹೊಡೆದುಹಾಕುತ್ತದೆ. ಮುಮ್ಮಡಿ ಉಳಿಯುತ್ತದೆ. ಅದನ್ನು ಸೋಸಲು ಕೊನೆಯಲ್ಲಿ ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್. ಅದು ಹೇಗೂ ಬೇಕೇ ಬೇಕು. ಒಂದೇ ಭಯ, ‘ಪವರ್ ಇಮ್ಮಡಿಯಾಯಿತು’ ಅನ್ನುವ ಮಾತೂ ಇದೆಯಲ್ಲ, ಅದರ ಜೊತೆ ಕಲಸಿಹೋಗುತ್ತದೋ ಏನೋ. ‘ಇಮ್ಮಡಿ ಸಿಗ್ನಲ್’ ಅಂದರೆ ಸಾಕಾ?

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪರೀಕ್ಷೆ ಮಾಡುವಾಗ ಏರಿಯಲ್ ಬದಲು ಹಾಕುವ ಡಮ್ಮಿ ಲೋಡಿಗೆ ‘ಹುಸಿ ಏರಿಯಲ್’. 1 ಕಿಲೋಓಮಿನ 2 ವ್ಯಾಟ್ ರೆಸಿಸ್ಟರ್ ಇಪ್ಪತ್ತನ್ನು ಪ್ಯಾರಲಲ್ ಕೊಟ್ಟರೆ 50 ಓಮ್, 40 ವ್ಯಾಟ್. ತಂತಿ ಸುತ್ತಿದ ರೆಸಿಸ್ಟರ್ ಬೇಡ, ಅದು ಕಾಯಿಲಿನ ಗುಣ ತೋರಿಸುತ್ತದೆ. ‘ಹುಸಿ ಹೊರೆ’ಗಿಂತ ಇದು ವಾಸಿ ಅನಿಸಿತು. ಐದು ವ್ಯಾಟಿನ ಸೆಟ್ಟು ಈ ಜೋಡಿಗೆ ಜಾಸ್ತಿಯಾಗುತ್ತದೆ, ನಡುವೆ 6 ಡೆಸಿಬೆಲ್ ತಗ್ಗಿಸುವ ರೆಸಿಸ್ಟರುಗಳು ಬೇಕು. ಆಗ ಒಂದೂಕಾಲು ವ್ಯಾಟಿಗೆ ಇಳಿಯುತ್ತದೆ. ಅದಕ್ಕೆ ‘ತಗ್ಗುಪೆಟ್ಟಿಗೆ’ ಅಂದಿದ್ದೇನೆ, ಪೆಟ್ಟಿಗೆಯೊಳಗೇ ಇಡುವುದರಿಂದ. ಕೊನೆಯ ಹಂತಕ್ಕೆ ಸಿಗ್ನಲ್ ಒದಗಿಸುವ ಡ್ರೈವರ್ ಹಂತಕ್ಕೆ ‘ಚಾಲಕ’ ಬೇಡ, ಬಸ್ಸು ಓಡಿಸುವ ಹಾಗಾಗುತ್ತದೆ.

ಕೊನೆಯದು ಮೈಕಾ. ಐಆರ್‌ಎಫ್ 510ರ ಬೆನ್ನಿನ ಲೋಹದ ತಗಡು ಡ್ರೇನಿಗೇ, ಅಂದರೆ ಸಪ್ಲೈ ವೋಲ್ಟೇಜು ಬರುವ ಕಾಲಿಗೇ, ಸೇರಿಕೊಂಡಿರುತ್ತದೆ. ಹೀಟ್‌ಸಿಂಕಿಗೆ ನೇರ ಕೂರಿಸಿದರೆ ಪೂರ್ತಿ ವೋಲ್ಟೇಜು ಅಲ್ಲಿಗೆ ಬರುತ್ತದೆ. ನಡುವೆ ತೆಳು ಮೈಕಾ ಹಾಳೆ, ಎರಡೂ ಕಡೆ ಬಿಳಿ ಪೇಸ್ಟು. ನಿಘಂಟಿನಲ್ಲಿ ‘ಅಭ್ರಕ’. ನಮ್ಮ ಕಡೆ ಹಳಬರು ‘ಕಾಗೆಬಂಗಾರ’ ಅನ್ನುತ್ತಾರೆ. ನನಗೆ ಅದನ್ನೇ ಬರೆಯುವ ಆಸೆ. ಆದರೆ ಹುಡುಗರು ಅಂಗಡಿಗೆ ಹೋಗಿ ಕಾಗೆಬಂಗಾರ ಕೊಡಿ ಅಂದರೆ ಯಾರು ಕೊಡುತ್ತಾರೆ? ಕೋಲಾರ, ಚಿಕ್ಕಬಳ್ಳಾಪುರ ಕಡೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಅದಕ್ಕೆ ಏನಂತಾರೆ? ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವರಿಗೆ ಖಂಡಿತ ಗೊತ್ತಿರುತ್ತದೆ, ಹಳೇ ಇಸ್ತ್ರಿಪೆಟ್ಟಿಗೆಗಳ ಎಲಿಮೆಂಟು ಮೈಕಾದ್ದೇ. ಯಾರಾದರೂ ಕೇಳಿ ತಿಳಿಸಿದರೆ ಕಾಗದ ಅಚ್ಚಿಗೆ ಕೊಡುವ ಮೊದಲು ತಿದ್ದಿಕೊಳ್ಳುತ್ತೇನೆ.