ಅಪ್‌ಡೇಟ್: ಐಡಾಹೋದ ಹುಲ್ಲುಗಾವಲು ಕೆಲಸ ಸಿಕ್ಕಿತು

ಹೋದ ವರ್ಷ ಕೇಳಿದ್ದೆ, ನೆನಪಿದೆಯಾ? ಸಸ್ಯಶಾಸ್ತ್ರ ಓದಿದವಳು, ಅಮೆರಿಕದ ಪೌರತ್ವ ಇದೆ, ಐಡಾಹೋದ ಬೆಟ್ಟದೂರಿನಲ್ಲಿ ಸರ್ಕಾರಿ ಹುಲ್ಲುಗಾವಲು ನೋಡಿಕೊಳ್ಳುವ ರೇಂಜ್‌ಲ್ಯಾಂಡ್ ಸ್ಪೆಷಲಿಸ್ಟ್ ಕೆಲಸಕ್ಕೆ ಅರ್ಜಿ ಹಾಕಲಾ ಅಂತ.

ಹಾಕಿದೆ. ಮೊದಲ ಸಲ ವಾಪಸ್ ಬಂತು! ಈ ಹುದ್ದೆಗೆ ಕಾಲೇಜಿನಲ್ಲಿ ಓದಿದ ಸಂಬಂಧಪಟ್ಟ ಕೋರ್ಸ್‌ಗಳ 42 ಕ್ರೆಡಿಟ್ ಬೇಕು, ಅದರಲ್ಲಿ 18 ರೇಂಜ್ ಮ್ಯಾನೇಜ್‌ಮೆಂಟ್, ಅಂದರೆ ಹುಲ್ಲುಗಾವಲು ನಿರ್ವಹಣೆಯದ್ದೇ ಇರಬೇಕು. ನನಗೆ 6 ಕಮ್ಮಿ ಇತ್ತು. 'ಮೊದಲು ಮಾರ್ಕ್ಸ್ ಕಾರ್ಡ್ ನೋಡ್ಕೊಳ್ಳಿ' ಅಂತ ನಿಮ್ಮಲ್ಲೊಬ್ಬರು ಹೇಳಿದ್ದರು, ನಾನೇ ಕೇಳಲಿಲ್ಲ. ಆನ್‌ಲೈನಲ್ಲಿ ಎರಡು ಕೋರ್ಸ್ ಮುಗಿಸಿ ಮತ್ತೆ ಹಾಕಿದೆ, ಸಿಕ್ಕಿತು.

ಕುದುರೆ ಸವಾರಿ ಅಂದುಕೊಂಡಿದ್ದೆ. ಅರ್ಧ ಕೆಲಸ ಬರೀ ಫೈಲು. ಮಿಕ್ಕಿದ್ದು ಹೊಳೆ ದಂಡೆಯಲ್ಲಿ ಮೊಣಕಾಲೂರಿ, ದನ ಮೇಯ್ದು ಉಳಿದ ಹುಲ್ಲಿನ ಎತ್ತರ ಅಳೆಯುವುದು. ಲೆಕ್ಕವೆಲ್ಲ ಎಯುಎಂ (ಅನಿಮಲ್ ಯೂನಿಟ್ ಮಂತ್) ಅನ್ನೋ ಅಳತೆಯಲ್ಲಿ: ಒಂದು ಹಸು-ಕರು, ಇಲ್ಲವೇ ಐದು ಕುರಿ, ಒಂದು ತಿಂಗಳು ತಿನ್ನುವಷ್ಟು ಮೇವು. ಬೇಸಿಗೆಯಲ್ಲಿ ಹಸುಗಳು ನೀರು ಬಿಟ್ಟು ಕದಲುವುದೇ ಇಲ್ಲ. ಅದಕ್ಕೇ ಅವು ನೆಕ್ಕುವ ಉಪ್ಪಿನ ಗಟ್ಟಿಯನ್ನು ಹೊಳೆಯಿಂದ ದೂರ, ದಿಣ್ಣೆ ಮೇಲೆ ಇಡಿಸುತ್ತೇವೆ. ಇನ್ನು ಚೀಟ್‌ಗ್ರಾಸ್ ಅಂತ ಹೊರಗಿನಿಂದ ಬಂದ ಹುಲ್ಲೊಂದಿದೆ, ಬೇಗ ಒಣಗಿ ಬೆಂಕಿಗೆ ದಾರಿ ಮಾಡಿಕೊಡುತ್ತದೆ. ಅದರ ಕಾಟ ಬೇಡವೇ ಬೇಡ.

ಹುಲ್ಲಿಗಿಂತ ಜನರೇ ಕಷ್ಟ. ಮೇಯಿಸುವ ದಿನ ಕಡಿಮೆ ಮಾಡಿ ಅಂದದ್ದಕ್ಕೆ ಒಬ್ಬ ದನಗಾರರು ಮೂರು ತಿಂಗಳು ಮಾತೇ ಆಡಲಿಲ್ಲ. ಒಂದು ದಿನ ಅವರ ಬೇಲಿ ರಿಪೇರಿಗೆ ಸುಮ್ನೆ ಕೈ ಹಾಕಿದೆ. ಆಮೇಲೆ ತಮ್ಮ ತಾತನ ಕಾಲದ ಫೋಟೋ ತಂದು ತೋರಿಸಿದರು. ಹೊಳೆ ತುಂಬ ವಿಲೋ ಗಿಡ! ಈಗ ಅದೇ ಜಾಗದಲ್ಲಿ ನಿಂತು ಪ್ರತಿ ಬೇಸಿಗೆ ಫೋಟೋ ತೆಗೆಯುವುದು ಅಂತ ಮಾತಾಗಿದೆ.

ಅಮ್ಮ ಮಾತ್ರ ಇನ್ನೂ ಕೇಳುತ್ತಾಳೆ, 'ಅಷ್ಟು ಓದಿ ಹುಲ್ಲು ಅಳೆಯೋಕೆ ಹೋದ್ಯಾ?'